ನನ್ನ ಫೋಟೋಗೆ ಹಾರ ಹಾಕದೇ ಇದ್ದವರಿಗೆ

ಸೀರಿಯಲ್‌ನಲ್ಲಿ ಸಾಯುವುದು ಬಹಳ ಸುಲಭ. ಒಂದು ಫೋಟೋಗೆ ಕಟ್ಟು ಹಾಕಿಸಿ, ಗೋಡೆಗೆ ಮೊಳೆ ಹೊಡೆದು, ಗಂಧದ ಹಾರ ಹಾಕಿ, ಮುಂದೆ ಒಂದು ದೀಪ ಇಟ್ಟರೆ ಆಯ್ತು. ಅರ್ಧ ಗಂಟೆ ಕೆಲಸ. ಮಗ ಎರಡು ಸೀನ್ ಅಳುತ್ತಾನೆ, ಸೊಸೆ ಒಂದು ಸೀನ್ ಮೂರ್ಛೆ ಹೋಗುತ್ತಾಳೆ, ಮೂರನೇ ಎಪಿಸೋಡ್ ಹೊತ್ತಿಗೆ ಕಥೆ ಮುಂದಕ್ಕೆ ಹೋಗಿರುತ್ತದೆ. ಈ ಜನವರಿಯಲ್ಲಿ ನನ್ನ ಫೋಟೋಗೆ ಕಟ್ಟು ಹಾಕಿಸಿ ಆಗಿತ್ತು. ಹಾರವೂ ಬಂದಿತ್ತು. ಆದರೆ ಹಾಕಲಿಲ್ಲ. ಹಾಕದೇ ಇದ್ದವರಿಗೆ ನಾಲ್ಕು ಮಾತು ಹೇಳೋಣ ಅಂತ ಕೂತಿದ್ದೇನೆ. ನಾಲ್ಕಕ್ಕೆ ನಿಲ್ಲುತ್ತೇನಾ ಗೊತ್ತಿಲ್ಲ. ಹನ್ನೊಂದು ವಾರ ಬಾಯಿ ಕಟ್ಟಿಕೊಂಡಿದ್ದವಳು ನಾನು, ಸ್ವಲ್ಪ ಸಹಿಸಿಕೊಳ್ಳಿ.

ನನ್ನ ಹೆಸರು ನಿಮಗೆ ಗೊತ್ತಿರಲಿಕ್ಕಿಲ್ಲ. ಮುಖ ನೋಡಿದರೆ ಗುರುತು ಸಿಗುತ್ತದೆ. ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ "ನೀವು ಆ ಸೀರಿಯಲ್ ಅತ್ತೆ ಅಲ್ವಾ?" ಅಂತ ಕೇಳುತ್ತಾರೆ. ಯಾವ ಸೀರಿಯಲ್ ಅಂತ ನಾನು ಕೇಳುವುದಿಲ್ಲ. ಹೇಗೂ ಎಲ್ಲದರಲ್ಲೂ ಅತ್ತೆನೇ.

ಊರು ತಿಪಟೂರು ಕಡೆ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಸಂಜೆ ಹೊತ್ತು ಹವ್ಯಾಸಿ ತಂಡಗಳಲ್ಲಿ ನಾಟಕ ಮಾಡುತ್ತಿದ್ದೆ. ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತು ತಿಂದ ಕಡಲೆಕಾಯಿಗೆ ಲೆಕ್ಕ ಇಲ್ಲ. 1998ರಲ್ಲಿ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ಚಂದನದಲ್ಲಿ ಶುರುವಾಯ್ತು. ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಯಾರ ಮನೆ ಬಾಗಿಲು ತಟ್ಟಿದರೂ ತೆಗೆಯುತ್ತಿರಲಿಲ್ಲ. ನಾಟಕದವರನ್ನು ಸೀರಿಯಲ್‌ಗೆ ಕರೆಯುತ್ತಾರೆ ಅಂತ ಆಗ ಸುದ್ದಿ ಹಬ್ಬಿತು. ಮರುವರ್ಷ ನನ್ನನ್ನೂ ಕರೆದರು. ನರ್ಸ್ ಪಾತ್ರ. ಇದ್ದದ್ದು ಒಂದೇ ಡೈಲಾಗ್: "ಪೇಷಂಟ್‌ಗೆ ಪ್ರಜ್ಞೆ ಬಂತು ಡಾಕ್ಟ್ರೇ." ಗಾಬರಿಯಲ್ಲಿ "ಡಾಕ್ಟ್ರಿಗೆ ಪ್ರಜ್ಞೆ ಬಂತು" ಅಂದೆ. ಇಡೀ ಯೂನಿಟ್ ನಕ್ಕಿತು. ಇನ್ನು ಯಾವತ್ತೂ ಕರೆಯುವುದಿಲ್ಲ ಅಂದುಕೊಂಡೆ. ಕರೆದರು. 2000ದ ಕೊನೆಗೆ ಈಟಿವಿ ಕನ್ನಡ ಬಂತು, 2006ರಲ್ಲಿ ಜೀ ಕನ್ನಡ, ಮರುವರ್ಷ ಸುವರ್ಣ. ಅರ್ಧ ಗಂಟೆಗೊಂದು ಸೀರಿಯಲ್, ಸೀರಿಯಲ್‌ಗೊಂದು ಅತ್ತೆ. ಕೆಲಸಕ್ಕೆ ಕೊರತೆ ಆಗಲಿಲ್ಲ. ಸಿನಿಮಾನೂ ಮಾಡಿದೆ, ಹದಿನಾಲ್ಕು. ಅದರಲ್ಲಿ ಒಂಬತ್ತರಲ್ಲಿ ಕಲ್ಯಾಣ ಮಂಟಪದಲ್ಲಿ ತಟ್ಟೆ ಹಿಡಿದು ನಿಂತ ಹೆಂಗಸು. ಅಷ್ಟು ಸಾಕು ಅದರ ಬಗ್ಗೆ.

ಕಷ್ಟ ಅನಿಸಿದಾಗೆಲ್ಲ ಉಮಾಶ್ರೀ ಅವರನ್ನು ನೆನೆಸಿಕೊಳ್ಳುತ್ತೇನೆ. ಅವರ ನೊಣವಿನಕೆರೆ ನಮ್ಮ ತಾಲ್ಲೂಕೇ ಅಂತ ಒಂದು ಜಂಬ ಬೇರೆ. 'ಒಡಲಾಳ' ನಾಟಕದಲ್ಲಿ ಅವರು ಮಾಡಿದ ಸಾಕವ್ವನ ಪಾತ್ರದ ಮಾತು ತೆಗೆಯದೆ ನಮ್ಮ ರಂಗದವರು ಅವರ ಬಗ್ಗೆ ಮಾತೇ ಆಡುವುದಿಲ್ಲ. ಎಷ್ಟೋ ವರ್ಷ ಸಿನಿಮಾದವರು ಅವರಿಗೆ ನಗಿಸುವ ಪಾತ್ರಗಳನ್ನೇ ಕೊಟ್ಟರು. ಆಮೇಲೆ 'ಗುಲಾಬಿ ಟಾಕೀಸ್'ಗೆ ರಾಷ್ಟ್ರಪ್ರಶಸ್ತಿ ಬಂತು. ಮಂತ್ರಿಯೂ ಆದರು. ಅಷ್ಟೆಲ್ಲ ಆಗಿ, 2021ರಲ್ಲಿ ಮತ್ತೆ ಬಣ್ಣ ಹಚ್ಚಿ ಪುಟ್ಟಕ್ಕ ಆಗಿ ಸೀರಿಯಲ್‌ಗೆ ಬಂದರು. ಅವರೇ ಬರಬಹುದಾದರೆ ನನಗೇನು ಧಾಡಿ?

ಕಳೆದ ದೀಪಾವಳಿ ಹೊತ್ತಿಗೆ ನನ್ನ ಗಂಟಲು ಕಟ್ಟಿತು. ಶೀತ ಅಂದುಕೊಂಡೆ. ಶುಂಠಿ, ಮೆಣಸು, ಜೇಷ್ಠಮಧು ಎಲ್ಲ ಆಯ್ತು. ನಮ್ಮದು ಲೈವ್ ಸೌಂಡ್, ಸೆಟ್‌ನಲ್ಲಿ ಏನು ಮಾತಾಡುತ್ತೇವೋ ಅದೇ ಟಿವಿಯಲ್ಲಿ ಬರುತ್ತದೆ. ಡಿಸೆಂಬರ್‌ನಲ್ಲಿ ಒಂದು ದಿನ ಸೊಸೆಯನ್ನು ಮನೆಯಿಂದ ಆಚೆ ಹಾಕುವ ಸೀನ್. ಒಂದು ಟೇಕ್‌ಗೆ ಪಕ್ಕದ ಮನೆ ಕುಕ್ಕರ್ ಕೂಗಿತು. ಇನ್ನೊಂದಕ್ಕೆ ನಾಯಿ. ಮತ್ತೊಂದಕ್ಕೆ ತರಕಾರಿ ಗಾಡಿಯ ಮೈಕು. ಹನ್ನೊಂದನೇ ಟೇಕ್‌ನಲ್ಲಿ "ಹೋಗೇ ಆಚೆ" ಅಂತ ಕಿರುಚಿದೆ ನೋಡಿ, "ಹೋಗೇ" ಬಂತು, "ಆಚೆ" ಬರಲಿಲ್ಲ. ಬರೀ ಗಾಳಿ. ಸೊಸೆ ಪಾತ್ರದ ಹುಡುಗಿ ಹೊಸಲು ದಾಟಿದ್ದವಳು ಓಡಿ ಬಂದು ನನ್ನ ಬೆನ್ನು ಸವರಿದಳು. ಕ್ಯಾಮೆರಾ ಇನ್ನೂ ಓಡುತ್ತಿತ್ತು.

ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಬಿಟ್ಟು ತೋರಿಸಿದರು. ಇಪ್ಪತ್ತೈದು ವರ್ಷ ಕ್ಯಾಮೆರಾ ಮುಂದೆ ಇದ್ದವಳು ನಾನು, ಇಂಥ ಕ್ಲೋಸಪ್ ಯಾವತ್ತೂ ಕೊಟ್ಟಿರಲಿಲ್ಲ. ಎರಡು ಬಿಳಿ ಪಟ್ಟಿ. ಒಂದರ ಅಂಚಿನಲ್ಲಿ ನೆನೆಸಿದ ಸಬ್ಬಕ್ಕಿ ಕಾಳಿನಷ್ಟು ಗಂಟು. ಹೆಂಗಸರು ಮಾತಾಡುವಾಗ ಈ ಪಟ್ಟಿಗಳು ಸೆಕೆಂಡಿಗೆ ಸುಮಾರು 200 ಸಲ ಅದುರುತ್ತವಂತೆ. ಕಿರುಚಿದರೆ ಇನ್ನೂ ಜಾಸ್ತಿ, ಅದೂ ಒಂದಕ್ಕೊಂದು ಜೋರಾಗಿ ಬಡಿದುಕೊಂಡು. "ಏನು ಕೆಲಸ ಮಾಡ್ತೀರಿ?" ಅಂದರು. "ಅತ್ತೆ" ಅಂದೆ. ಅವರು ತಲೆಯಾಡಿಸಿ ಬರೆದುಕೊಂಡರು. ಏನು ಬರೆದುಕೊಂಡರೋ!

ಗಂಟು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದಾಗ ಕೈಕಾಲು ತಣ್ಣಗಾಯ್ತು. ಆಪರೇಷನ್ ಬಾಯಿಯ ಮೂಲಕವೇ ಮಾಡಿದರು, ಹೊರಗೆ ಒಂದು ಗೀರೂ ಇಲ್ಲ. ಮಾರನೇ ದಿನ ಮನೆಗೆ ಕಳಿಸಿದರು. ವರದಿ ಬರುವುದಕ್ಕೆ ಒಂದು ವಾರ. ಆ ವಾರ ಒಂದು ಮಾತೂ ಆಡಬಾರದು, ಪಿಸುಗುಟ್ಟಲೂ ಬಾರದು ಅಂತ ಕಟ್ಟಪ್ಪಣೆ. ಮನೆಯಲ್ಲಿ ಕೂತರೆ ತಲೆ ಕೆಡುತ್ತಿತ್ತು. ಒಂದು ಮಧ್ಯಾಹ್ನ ಸುಮ್ನೆ ವಿಜಯನಗರದಲ್ಲಿ ಮೆಟ್ರೋ ಹತ್ತಿದೆ. "ಮುಂದಿನ ನಿಲ್ದಾಣ" ಅಂತ ಅಪರ್ಣಾ ಅವರ ದನಿ ಬಂತು. ಎಷ್ಟು ಸಲ ಕೇಳಿದ್ದೆನೋ, ಕಿವಿಗೇ ಬೀಳುತ್ತಿರಲಿಲ್ಲ. ಅವತ್ತು ಬಿತ್ತು. ಪುಟ್ಟಣ್ಣ ಕಣಗಾಲ್ ಅವರ 'ಮಸಣದ ಹೂವು' ಸಿನಿಮಾದಿಂದ ಬಂದವರು. ದೂರದರ್ಶನದಲ್ಲಿ, ವೇದಿಕೆಗಳಲ್ಲಿ ಅವರ ನಿರೂಪಣೆ ಕೇಳಿ ನಾವೆಲ್ಲ 'ಳ', 'ಣ' ತಿದ್ದಿಕೊಂಡೆವು. ಅಂಥವರು 'ಮಜಾ ಟಾಕೀಸ್'ನಲ್ಲಿ ವರಲಕ್ಷ್ಮಿಯಾಗಿ ನಮ್ಮನ್ನೆಲ್ಲ ನಗಿಸಿದರು. 2024ರ ಜುಲೈನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಹೋದರು. ದನಿ ಮಾತ್ರ ಹೋಗಿರಲಿಲ್ಲ. ಎಂ.ಜಿ. ರೋಡ್‌ನಲ್ಲಿ ಇಳಿಯಬೇಕು ಅಂದುಕೊಂಡಿದ್ದೆ. ಇಳಿಯಲಿಲ್ಲ. ಬೈಯಪ್ಪನಹಳ್ಳಿವರೆಗೂ ಕೂತೇ ಇದ್ದೆ, ಒಂದೊಂದು ನಿಲ್ದಾಣದ ಹೆಸರು ಕೇಳುತ್ತಾ. ಎದುರು ಕೂತಿದ್ದ ಹುಡುಗಿ "ಯಾಕಮ್ಮ ಅಳ್ತಿದ್ದೀರಾ?" ಅಂತ ಕೇಳಿದಳು. ಹೇಳುವುದು ಹೇಗೆ? ಗಂಟಲು ತೋರಿಸಿ ಕೈ ಆಡಿಸಿದೆ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕೊಟ್ಟಳು. ಆ ಹುಡುಗಿಗೂ ಒಂದು ಥ್ಯಾಂಕ್ಸ್. ವರದಿಯಲ್ಲಿ ಏನೂ ಇರಲಿಲ್ಲ, ಬರೀ ಗಂಟು.

ನಮ್ಮ ಯಜಮಾನರ ಕಥೆ ಹೇಳಲೇಬೇಕು. ಮೊಮ್ಮಗಳ ಸ್ಲೇಟು ನನ್ನ ಕೈಗೆ ಬಂದಿತ್ತು. "ಕಾಫಿಗೆ ಸಕ್ಕರೆ ಕಮ್ಮಿ" ಅಂತ ಬರೆದು ತೋರಿಸಿದರೆ ಅವರು ಸ್ಲೇಟು ಇಸಿದುಕೊಂಡು "ಆಯ್ತು" ಅಂತ ಬರೆದು ವಾಪಸ್ ಕೊಡೋರು. ಎರಡು ದಿನ ಹೀಗೇ ನಡೆಯಿತು. ಮೂರನೇ ದಿನ "ನೀವು ಮಾತಾಡಬಹುದು ಕಣ್ರೀ" ಅಂತ ಬರೆದೆ. ಓದಿ, ಸ್ವಲ್ಪ ಹೊತ್ತು ಯೋಚಿಸಿ, "ನೀನೊಬ್ಬಳೇ ಯಾಕೆ ಸುಮ್ಮನಿರಬೇಕು" ಅಂತ ಬರೆದರು. ಮೂವತ್ತೆರಡು ವರ್ಷದಲ್ಲಿ ಅವರು ನನಗೆ ಬರೆದ ಮೊದಲ ಪತ್ರ ಅದು. ಮೊಮ್ಮಗಳು ಬಂದು ಅಳಿಸಿ 'ಅ ಆ ಇ ಈ' ಬರೆದುಬಿಟ್ಟಳು.

ಆಗ ನನ್ನ ಕೈಯಲ್ಲಿ ಎರಡು ಸೀರಿಯಲ್ ಇದ್ದವು. ನಮ್ಮದು ದಿನದ ಲೆಕ್ಕದ ಸಂಬಳ. ಬಣ್ಣ ಹಚ್ಚದ ದಿನಕ್ಕೆ ದುಡ್ಡಿಲ್ಲ. ಒಂದು ಸೀರಿಯಲ್‌ನವರು ಫೋನ್ ಕೂಡ ಮಾಡಲಿಲ್ಲ. ಒಂದು ಸಂಜೆ ಟಿವಿ ಹಾಕಿದರೆ ನನ್ನ ಪಾತ್ರ ಬೇರೆಯವರ ಮುಖ ಹೊತ್ತು ಮೆಟ್ಟಿಲಿಳಿದು ಬರುತ್ತಿದೆ, ಕೆಳಗೆ ಪಟ್ಟಿಯಲ್ಲಿ "ಇನ್ನು ಮುಂದೆ ಈ ಪಾತ್ರದಲ್ಲಿ" ಅಂತ ಹೆಸರು. ಬೇಜಾರಾಯ್ತು, ಸುಳ್ಳು ಯಾಕೆ ಹೇಳಲಿ. ಅವತ್ತೇ ರಾತ್ರಿ ಆ ಹೊಸ ನಟಿ ಫೋನ್ ಮಾಡಿ ಅತ್ತಳು. "ಅಕ್ಕ, ನಿಮ್ಮ ಅನ್ನಕ್ಕೆ ಕೈ ಹಾಕಿದೆ" ಅಂದಳು. ನನಗೆ ಮಾತಾಡುವ ಹಾಗಿಲ್ಲ. ಫೋನ್ ಇಟ್ಟು ಮೆಸೇಜ್ ಮಾಡಿದೆ: "ನೀನು ಮಾಡದಿದ್ರೆ ಇನ್ಯಾರೋ ಮಾಡ್ತಾರೆ ಕಣೇ. ಸೀರೆ ಇದೆಯಾ?" ಈ ಪ್ರಶ್ನೆ ಯಾಕೆ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ನಾನು ಮಾಡಿದ ಸೀರಿಯಲ್‌ಗಳಲ್ಲೆಲ್ಲ ನಮ್ಮ ಸೀರೆ ನಾವೇ ತರಬೇಕಿತ್ತು. ಶ್ರೀಮಂತ ಮನೆ ಅತ್ತೆ ಉಟ್ಟ ಸೀರೆಯನ್ನೇ ಪದೇ ಪದೇ ಉಡುವ ಹಾಗಿಲ್ಲ. ಬಂದ ದುಡ್ಡಿನಲ್ಲಿ ಎಷ್ಟೋ ಪಾಲು ಚಿಕ್ಕಪೇಟೆಗೇ ಹೋಗುತ್ತದೆ. ಅವಳ ಹತ್ತಿರ ಅಷ್ಟೊಂದು ಇರಲಿಲ್ಲ. ಬಂದು ನಾಲ್ಕು ಸೀರೆ ತಗೊಂಡು ಹೋದಳು. ಹೀಗಾಗಿ ಆ ಸೀರಿಯಲ್‌ನಲ್ಲಿ ಅತ್ತೆ ಬದಲಾದರು, ಸೀರೆ ಬದಲಾಗಲಿಲ್ಲ. ತಿಂಗಳ ಕೊನೆಗೆ ಡ್ರೈವಾಶ್ ಮಾಡಿಸಿ, ಜೊತೆಗೆ ಒಂದು ಡಬ್ಬಿ ಚಕ್ಕುಲಿ ಇಟ್ಟು ವಾಪಸ್ ಕಳಿಸಿದ್ದಾಳೆ. ನಿನ್ನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲಮ್ಮ. ಚಕ್ಕುಲಿಗೆ ಉಪ್ಪು ಒಂಚೂರು ಜಾಸ್ತಿ ಇತ್ತು.

ಇನ್ನೊಂದು ಸೀರಿಯಲ್‌ನಲ್ಲೇ ಆ ಫೋಟೋ, ಆ ಹಾರ. ಮೀಟಿಂಗ್‌ನಲ್ಲಿ ಸಾಯಿಸುವುದು ಅಂತಲೇ ತೀರ್ಮಾನ ಆಗಿತ್ತಂತೆ. ನಮ್ಮ ಸಂಭಾಷಣೆ ಬರೆಯುವವರು, ಮಗನ ವಯಸ್ಸಿನ ಹುಡುಗ, ಒಪ್ಪಲಿಲ್ಲ. "ಅಮ್ಮ ವಾಪಸ್ ಬರ್ತಾರೆ, ಅಲ್ಲಿವರೆಗೆ ಕಾಶಿಗೆ ಕಳಿಸ್ತೀನಿ" ಅಂದ. ರಾತ್ರೋರಾತ್ರಿ ಆರು ಎಪಿಸೋಡ್ ಮತ್ತೆ ಬರೆದ. ಮಗ ಆಗಾಗ ಫೋನ್ ಕಿವಿಗಿಟ್ಟು "ಅಮ್ಮಾ, ಗಂಗಾಸ್ನಾನ ಆಯ್ತಾ? ಹಲೋ? ಸಿಗ್ನಲ್ ಇಲ್ಲ ಅನ್ಸತ್ತೆ" ಅನ್ನೋನು. ಎಂಟು ವಾರ ನಾನು ಬರೀ ಸಿಗ್ನಲ್ ಇಲ್ಲದ ಕಾಶಿಯಲ್ಲೇ ಬದುಕಿದ್ದೆ. ಮನೆಯಲ್ಲಿ ಕೂತು ಟಿವಿಯಲ್ಲಿ ಅದನ್ನು ನೋಡುವಾಗ ಏನನಿಸಿತು ಅಂತ ಬರೆಯುವುದಕ್ಕೆ ನನಗೆ ಬರುವುದಿಲ್ಲ. ಅದಕ್ಕೆ ಆ ಹುಡುಗನೇ ಬೇಕು.

ಗಂಟಲಿಗೆ ಮತ್ತೆ ಪಾಠ ಹೇಳಿಕೊಟ್ಟವಳು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಬಂದ ಒಬ್ಬ ಹುಡುಗಿ. ಸ್ಟೀಲ್ ಲೋಟದಲ್ಲಿ ಅರ್ಧ ನೀರು, ಅದಕ್ಕೆ ಎಳನೀರು ಕುಡಿಯುವ ಸ್ಟ್ರಾ. ಅದರಲ್ಲಿ "ಊ" ಅಂತ ಊದಬೇಕು, ನೀರು ಬುಳುಬುಳು ಅನ್ನಬೇಕು. ಐವತ್ತೆಂಟನೇ ವಯಸ್ಸಿನಲ್ಲಿ ದಿನಕ್ಕೆ ಐದು ಸಲ ಗುಳ್ಳೆ ಬಿಟ್ಟೆ. ಮೊಮ್ಮಗಳೂ ಪಕ್ಕದಲ್ಲಿ ಇನ್ನೊಂದು ಲೋಟ ಇಟ್ಟುಕೊಂಡು ಕೂರೋಳು. "ಅಮ್ಮಾ, ಸಿಟ್ಟನ್ನ ಗಂಟಲಲ್ಲಿ ಇಟ್ಕೋಬೇಡಿ, ಕಣ್ಣಲ್ಲಿ ಇಟ್ಕೊಳ್ಳಿ. ಉಸಿರು ಹೊಟ್ಟೆಯಿಂದ ಬರಲಿ" ಅಂತ ಆ ಹುಡುಗಿ ಹೇಳಿಕೊಟ್ಟದ್ದನ್ನು ಇಷ್ಟು ವರ್ಷದಲ್ಲಿ ಯಾವ ಡೈರೆಕ್ಟರೂ ಹೇಳಿಕೊಟ್ಟಿರಲಿಲ್ಲ. ಎಲ್ಲರೂ "ಇನ್ನೂ ಸ್ವಲ್ಪ ಜೋರಾಗಿ ಅಮ್ಮಾ" ಅಂದವರೇ.

ಮೂರು ವಾರದ ಹಿಂದೆ ಕಾಶಿಯಿಂದ ಬಂದೆ. ಬಂದರೂ ಮಾತಾಡುವ ಹಾಗಿಲ್ಲ. ನಮ್ಮ ಬರಹಗಾರ ಅದಕ್ಕೂ ದಾರಿ ಹುಡುಕಿದ: ಅತ್ತೆ ಗಂಗೆ ದಡದಲ್ಲಿ ಮೌನವ್ರತ ಹಿಡಿದು ಬಂದಿದ್ದಾಳೆ! ಸೊಸೆ ಕಾಫಿ ತಂದರೆ ಸುಮ್ಮನೆ ನೋಡಬೇಕು. ಅಷ್ಟೇ. ಗುರುವಾರ ಟಿಆರ್‌ಪಿ ಬಂದಾಗ ನೋಡಿದರೆ, ಅತ್ತೆ ಬಾಯಿ ಮುಚ್ಚಿದ ವಾರವೇ ನಂಬರ್ ಏರಿದೆ. ವ್ರತ ಇನ್ನೊಂದು ವಾರ ಮುಂದುವರಿಸಬಹುದಾ ಅಂತ ಚಾನೆಲ್ ಕಡೆಯಿಂದ ಕೇಳಿದರು. ಯೂನಿಟ್‌ನವರ ಮುಖ ನೋಡಬೇಕಿತ್ತು ನೀವು.

ಸೆಟ್‌ನಲ್ಲಿ ನನಗೋಸ್ಕರ ಬಿಸಿನೀರಿನ ಫ್ಲಾಸ್ಕ್ ಹೊತ್ತು ತಿರುಗಿದ ಪ್ರೊಡಕ್ಷನ್ ಹುಡುಗರಿಗೆ, ಫ್ಯಾನ್ ನನ್ನ ಕಡೆ ತಿರುಗಿದರೆ ಆಫ್ ಮಾಡಿದ ಲೈಟ್‌ಮನ್ ಅಣ್ಣನಿಗೆ, ಟಚಪ್ ಹುಡುಗಿಗೆ, ಆಸ್ಪತ್ರೆ ಬಿಲ್ ಹೊತ್ತಿಗೆ ಕೇಳದೆಯೇ ಕವರ್ ತಂದುಕೊಟ್ಟ ಹಳೇ ನಾಟಕದ ಗೆಳತಿಯರಿಗೆ ನಮಸ್ಕಾರ. "ಟಿವಿಯಲ್ಲಿ ಅಷ್ಟು ಬೈತೀರಾ, ಇಲ್ಲಿ ಚೌಕಾಸಿಗೂ ಬಾಯಿ ಬಿಡಲ್ವಲ್ಲ" ಅಂತ ಬೈದು, ವಿಷಯ ಗೊತ್ತಾದ ಮೇಲೆ ವಾರವಿಡೀ ಕೊತ್ತಂಬರಿ ಸೊಪ್ಪು ಪುಕ್ಕಟೆ ಕೊಟ್ಟ ತರಕಾರಿ ಅಮ್ಮನಿಗೂ.

ಇವತ್ತು ವ್ರತ ಮುಗಿಯಿತು. ಸೀನ್‌ನಲ್ಲಿ ನನಗೆ ಎರಡೇ ಪದ. "ಕಾಫಿ ಆಯ್ತೇನೇ?" ಪಕ್ಕದ ಮನೆಗೆ ಮೊದಲೇ ಹೋಗಿ ಕುಕ್ಕರ್ ಇಡಬೇಡಿ ಅಂತ ಮ್ಯಾನೇಜರ್ ಹೇಳಿ ಬಂದಿದ್ದರು. ಹೇಳಿದೆ. ದನಿ ಮೊದಲಿನ ಹಾಗಿಲ್ಲ, ಶ್ರುತಿ ಒಂದು ಮನೆ ಕೆಳಗೆ ಇಳಿದಿದೆ, ಕೊನೆಯಲ್ಲಿ ಸ್ವಲ್ಪ ಒರಟು. ಸೌಂಡ್ ನೋಡುವ ಹುಡುಗ ಹೆಡ್‌ಫೋನ್ ತೆಗೆಯದೆ ಹೆಬ್ಬೆರಳು ಎತ್ತಿದ. ಸೊಸೆ ತನ್ನ ಡೈಲಾಗ್ ಮರೆತಳು. ಎರಡನೇ ಟೇಕ್ ಹೋದೆವು.

ಪ್ಯಾಕಪ್ ಆದ ಮೇಲೆ ಆರ್ಟ್ ಡಿಪಾರ್ಟ್‌ಮೆಂಟ್ ಹುಡುಗ ಪೇಪರ್ ಸುತ್ತಿದ ಏನೋ ತಂದು ಕೊಟ್ಟ. ನನ್ನದೇ ಫೋಟೋ, ಕಟ್ಟು ಹಾಕಿದ್ದು. ಚೆನ್ನಾಗಿ ಬಂದಿದೆ, ಮನೆಯ ಹಾಲ್‌ನಲ್ಲಿ ಹಾಕಿದ್ದೇನೆ. "ಹಾರ ಎಲ್ಲಪ್ಪಾ?" ಅಂತ ಕೇಳಿದೆ. ಅವನು ತಲೆ ಕೆರೆದುಕೊಂಡ. ನಮ್ಮ ಸೀರಿಯಲ್‌ನ ಮಾವ ಬೇರೆ ಚಾನೆಲ್ ಸೇರಿಕೊಂಡರಂತೆ, ನಾಳೆಯಿಂದ ಅವರಿಗೆ ಬೇಕಂತೆ.