ಕರಿಯನನ್ನು ಎಲ್ಲಿಗೂ ಕಳಿಸಬೇಡಿ

ಜಿಲಾಂಗ್, ವಿಕ್ಟೋರಿಯಾ
ಆಸ್ಟ್ರೇಲಿಯಾ
ಜೂನ್, ಭಾನುವಾರ

ಪ್ರೀತಿಯ ಅವ್ವನಿಗೆ, ಅಪ್ಪನಿಗೆ,

ನಾವಿಲ್ಲಿ ಕ್ಷೇಮ. ಚಳಿ ಜೋರಾಗಿದೆ, ಸಂಜೆ ಐದು ಗಂಟೆಗೆಲ್ಲ ಕತ್ತಲು. ನಿಮ್ಮ ಕಡೆ ಮಳೆ ಹಿಡಿಯಿತು ಅಂತ ಅಣ್ಣ ಹೇಳಿದ, ಕೇಳಿ ಸಂತೋಷವಾಯಿತು.

ನಮ್ಮ ನಾಯಿಮರಿ ಕರಿಯನ ವಿಷಯ ಫೋನಿನಲ್ಲಿ ಹೇಳಿ ಮುಗಿಸಲು ಆಗಲಿಲ್ಲ. ಅಪ್ಪ ಅರ್ಧಕ್ಕೇ ಫೋನ್ ನಿನ್ನ ಕೈಗೆ ಕೊಟ್ಟು ಎದ್ದು ಹೋದರಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದು.

ಕರಿಯ ಕೋಳಿಮರಿ ಸಾಯಿಸಿದ್ದು ಚಿಕ್ಕ ವಿಷಯ ಅಂತ ನಾನು ಹೇಳುವುದಿಲ್ಲ. ಹೇಂಟೆಯನ್ನು ಕಾವಿಗೆ ಕೂರಿಸಿ, ರಾತ್ರಿ ಮಂಕರಿ ಮುಚ್ಚಿ, ಹಗಲೆಲ್ಲ ಹದ್ದು ಕಾದು ಸಾಕಿದ ಮರಿ ಅದು. ನಿನಗೆ ಎಷ್ಟು ಸಂಕಟವಾಗಿರುತ್ತದೆ ಅಂತ ಗೊತ್ತು. ಆದರೆ 'ಒಂದು ಸಲ ರುಚಿ ಕಂಡ ನಾಯಿ ಬಿಡೋದಿಲ್ಲ, ಯಾರಿಗಾದರೂ ಕೊಟ್ಟುಬಿಡೋಣ' ಅಂತ ಅಪ್ಪ ಹೇಳುವುದನ್ನು ನಾನು ಒಪ್ಪುವುದಿಲ್ಲ. ಅವನಿಗಿನ್ನೂ ಐದಾರು ತಿಂಗಳು. ಆ ವಯಸ್ಸಿನಲ್ಲಿ ಓಡುವುದನ್ನೆಲ್ಲ ನಾಯಿ ಅಟ್ಟುತ್ತದೆ. ಅವನಿಗೆ ಅದು ಆಟ. ಆದರೆ ಅವನ ಬಾಯಿಗೆ ಸಿಕ್ಕ ಕೋಳಿಮರಿ ಬದುಕುವುದಿಲ್ಲ.

ಇನ್ನೊಂದು ಮಾತು. ನಮ್ಮೂರಿನ ನಾಯಿಮರಿಗಳು ಕಣ್ಣು ಬಿಟ್ಟಾಗಿನಿಂದ ಕೋಳಿ ನೋಡುತ್ತವೆ. ಮರಿ ಹಾಕಿದ ಹೇಂಟೆ ರೆಕ್ಕೆ ಕೆದರಿಕೊಂಡು ಒಂದೆರಡು ಸಲ ಮುಖಕ್ಕೆ ಹಾರಿದರೆ ಅವು ಬುದ್ಧಿ ಕಲಿಯುತ್ತವೆ. ಕರಿಯ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ, ಚಿಕ್ಕಪ್ಪನ ಮನೆಯ ಮಹಡಿ ಮೇಲೆ. ಅವನು ಕೋಳಿ ಕಂಡದ್ದೇ ನಮ್ಮ ಮನೆಗೆ ಬಂದ ಮೇಲೆ.

ನಮ್ಮ ಚಿನ್ನಿಯ ಕಥೆಯೂ ಹೀಗೇ ಶುರುವಾಯಿತು. ಅವಳು ಕೆಲ್ಪಿ ಜಾತಿಯ ನಾಯಿ. ಕುರಿ ಕಾಯಲಿಕ್ಕೆಂದೇ ಇಲ್ಲಿನವರು ಬೆಳೆಸಿದ ತಳಿ. ದಿಟ್ಟಿಸಿ ನೋಡುವುದು, ಬಗ್ಗಿ ಹೊಂಚುವುದು, ಸುತ್ತುಹಾಕಿ ಗುಂಪು ಮಾಡುವುದು ಅದಕ್ಕೆ ರಕ್ತದಲ್ಲೇ ಬಂದಿದೆ. ಅವಳನ್ನು ಕರೆತರುವ ಮೊದಲೇ ನಮ್ಮ ಹಿತ್ತಲಲ್ಲಿ ಕೋಳಿಗಳಿದ್ದವು. ಇಲ್ಲಿ ಪಟ್ಟಣದೊಳಗೂ ಕೋಳಿ ಸಾಕುವವರು ಬಹಳ ಜನ. ಹುಂಜ ಸಾಕುವುದು ಮಾತ್ರ ಕಷ್ಟ, ನಸುಕಿಗೇ ಕೂಗುತ್ತದೆ ಅಂತ ಅಕ್ಕಪಕ್ಕದವರ ತಕರಾರು. ನಮ್ಮವು ಆಸ್ಟ್ರಲಾರ್ಪ್ ಅಂತ ಕರೀ ಕೋಳಿಗಳು. ಬಿಸಿಲಿಗೆ ಬಂದರೆ ಪುಕ್ಕ ಹಸಿರು ಹೊಡೆಯುತ್ತದೆ. 1920ರ ದಶಕದಲ್ಲಿ ಈ ತಳಿಯ ಒಂದು ಹೇಂಟೆ 365 ದಿನದಲ್ಲಿ 364 ಮೊಟ್ಟೆ ಇಟ್ಟ ದಾಖಲೆ ಇದೆ. ನೀನು ನೋಡಿದ್ದರೆ ಎಷ್ಟು ಖುಷಿಪಡುತ್ತಿದ್ದೆಯೋ!

ಮೊದಲ ಸಲ ಜಾಲರಿಯ ಈಚೆ ನಿಂತು ಕೋಳಿ ನೋಡಿದಾಗ ಚಿನ್ನಿ ಬೊಗಳಲಿಲ್ಲ. ಬಾಯಿ ಗಟ್ಟಿ ಮುಚ್ಚಿಕೊಂಡಳು. ಮುಂದಿನ ಒಂದು ಕಾಲು ಮೇಲೆತ್ತಿದಳು. ಮೈಯೆಲ್ಲ ಬಿಗಿ, ರೆಪ್ಪೆ ಬಡಿಯಲಿಲ್ಲ. ಹೆಸರು ಹಿಡಿದು ಕರೆದರೆ ಕಿವಿ ಕೂಡ ಅಲುಗಲಿಲ್ಲ. ಅವ್ವ, ಬೊಗಳುವ ನಾಯಿಗಿಂತ ಹೀಗೆ ಸದ್ದಿಲ್ಲದೆ ನಿಲ್ಲುವ ನಾಯಿಯ ಮೇಲೆ ಜಾಸ್ತಿ ಕಣ್ಣಿಡಬೇಕು. ಕರಿಯನಲ್ಲೂ ಇದನ್ನೇ ಗಮನಿಸು. ಬಾಯಿ ತೆರೆದು ನಾಲಿಗೆ ಇಳಿಬಿಟ್ಟಿದ್ದರೆ, ಮೈ ಸಡಿಲವಾಗಿದ್ದರೆ ಪರವಾಗಿಲ್ಲ. ಬಾಯಿ ಮುಚ್ಚಿ ಗುರಿಯಿಟ್ಟರೆ ತಕ್ಷಣ ದೂರ ಕರೆದುಕೊಂಡು ಹೋಗು.

ನಾವು ಮಾಡಿದ್ದೂ ಅದನ್ನೇ. ಹಿಂದೆ ಹಿಂದೆ ಹೋಗಿ, ಕೋಳಿ ಕಾಣಬೇಕು, ಆದರೆ ನಮ್ಮ ಕರೆಯೂ ಅವಳಿಗೆ ಕೇಳಬೇಕು, ಅಷ್ಟು ದೂರದಲ್ಲಿ ನಿಂತೆವು. ಕೋಳಿಯಿಂದ ಕಣ್ಣು ತೆಗೆದು ನನ್ನ ಮುಖ ನೋಡಿದ ಕೂಡಲೇ ಬಾಯಿಗೆ ಒಂದು ಚೂರು ಚೀಸ್. ಮತ್ತೆ ಕೋಳಿ ನೋಡಿದಳು, ಸುಮ್ಮನಿದ್ದೆ. ಮತ್ತೆ ನನ್ನ ಕಡೆ ತಿರುಗಿದಳು, ಇನ್ನೊಂದು ಚೂರು. ಐದು ನಿಮಿಷ ಸಾಕು. ಅವಳಿಗೆ ಬೇಜಾರಾಗುವ ಮೊದಲೇ ನಿಲ್ಲಿಸುವುದು. ದಿನ ಕಳೆದಂತೆ ಒಂದೊಂದೇ ಹೆಜ್ಜೆ ಹತ್ತಿರ. ಅದಕ್ಕೂ ಮೊದಲು ದಿನಾ ಚೆನ್ನಾಗಿ ಸುತ್ತಾಡಿಸಿ ದಣಿಸುತ್ತಿದ್ದೆವು.

ಕೋಳಿಗಳಿಗೂ ಪಾಠ ಬೇಕಾಯಿತು. ಕೋಳಿ ಬೆದರಿ ರೆಕ್ಕೆ ಬಡಿದು ಓಡಿದರೆ ಎಂಥ ಒಳ್ಳೆಯ ನಾಯಿಗೂ ಅಟ್ಟಬೇಕು ಅನ್ನಿಸುತ್ತದೆ. ಹಾಗಾಗಿ ಚಿನ್ನಿಯನ್ನು ಕರೆತರುವಾಗ ಇವರು ಜಾಲರಿಯ ಆಚೆ ಕಾಳು ಚೆಲ್ಲುತ್ತಿದ್ದರು. ಕೋಳಿಗಳು ಕೆದಕುವುದರಲ್ಲಿ ಮಗ್ನ. ಒಂದು ದಿನ ಎಲ್ಲಕ್ಕಿಂತ ಹಿರಿಯ ಹೇಂಟೆ ನೆಟ್ಟಗೆ ಜಾಲರಿ ಹತ್ತಿರ ಬಂದು, ಕತ್ತು ಓರೆ ಮಾಡಿ ನೋಡಿ, ಚಿನ್ನಿಯ ಮೂಗಿಗೆ ಕುಟುಕಿತು. ಚಿನ್ನಿ ಸೀನಿದಳು, ಎರಡು ಹೆಜ್ಜೆ ಹಿಂದೆ ಸರಿದು ಕೂತುಬಿಟ್ಟಳು. ಆಮೇಲೆ ಆ ಹೇಂಟೆಗೆ ದಾರಿ ಬಿಡುವುದು ಅವಳಿಗೆ ರೂಢಿಯೇ ಆಯಿತು.

ಜಾಲರಿಯ ಒಳಗೆ ಮೊದಲು ಕೈಯಲ್ಲಿ ಹಗ್ಗ ಹಿಡಿದು, ಆಮೇಲೆ ಉದ್ದನೆ ಹಗ್ಗ ನೆಲಕ್ಕೆ ಬಿಟ್ಟು, ಕೊನೆಗೆ ಹಗ್ಗವಿಲ್ಲದೆ. ಈಗ ಅವಳು ಬಿಸಿಲಿಗೆ ಮಲಗಿದರೆ ಕೋಳಿಗಳು ಪಕ್ಕದಲ್ಲೇ ಕೆದಕಿ ಅವಳ ಬೆನ್ನ ಮೇಲೆಲ್ಲ ಮಣ್ಣು ಎರಚುತ್ತವೆ. ಒದರಿಕೊಂಡು ಮತ್ತೆ ಮಲಗುತ್ತಾಳೆ. ಆದರೂ ನಾವಿಬ್ಬರೂ ಕೆಲಸಕ್ಕೆ ಹೊರಟರೆ ಅವಳು ಬೇರೆ, ಕೋಳಿ ಬೇರೆ. ಇದರಲ್ಲಿ ಮಾತ್ರ ಸಡಿಲ ಬಿಡುವುದಿಲ್ಲ.

ಅಪ್ಪ ಹೊಡೆದರು ಅಂತ ಅಣ್ಣ ಹೇಳಿದ. ದಯವಿಟ್ಟು ಬೇಡ. ಹೊಡೆದರೆ ನಾಯಿ ಕಲಿಯುವುದು ಅಪ್ಪ ಇದ್ದಾಗ ಅಟ್ಟಬಾರದು ಅಂತ. ಅಪ್ಪ ಗದ್ದೆಗೆ ಹೋದರೆ? ಇಲ್ಲೂ ಹಿಂದೆ ಕೆಲವು ರೈತರು ಸತ್ತ ಕೋಳಿಯನ್ನು ನಾಯಿಯ ಕೊರಳಿಗೆ ಕಟ್ಟಿ ಕೊಳೆಯಲು ಬಿಡುತ್ತಿದ್ದರಂತೆ. ನಾಯಿ ನರಳುತ್ತದೆ ಅಷ್ಟೆ, ಕಲಿಯುವುದೇನೂ ಇಲ್ಲ. ದಿನವಿಡೀ ಕಟ್ಟಿ ಹಾಕುವುದೂ ಬೇಡ. ಕಟ್ಟಿದಲ್ಲಿಂದ ಓಡಾಡುವ ಕೋಳಿಗಳನ್ನೇ ನೋಡುತ್ತಾ ಕೂತರೆ ಹುಚ್ಚು ಇನ್ನೂ ಜಾಸ್ತಿಯಾಗುತ್ತದೆ.

ಅಪ್ಪನಿಗೆ ಇದನ್ನು ತಪ್ಪದೆ ಓದು. ಇಲ್ಲಿಂದ ಪಶ್ಚಿಮಕ್ಕೆ ಕೆಲವು ಗಂಟೆ ಕಾರಿನಲ್ಲಿ ಹೋದರೆ ವಾರ್ನಂಬೂಲ್ ಅಂತ ಕಡಲ ತೀರದ ಊರು. ಅದರ ಪಕ್ಕದಲ್ಲೇ ಮಿಡ್ಲ್ ಐಲ್ಯಾಂಡ್ ಅನ್ನುವ ಪುಟ್ಟ ದ್ವೀಪ. ಅಲ್ಲಿ ನೂರಾರು ಸಣ್ಣ ಪೆಂಗ್ವಿನ್‌ಗಳಿದ್ದವು. 19ನೇ ಶತಮಾನದಲ್ಲಿ ಬೇಟೆಯ ಮೋಜಿಗೆ ಇಂಗ್ಲಿಷರು ಇಲ್ಲಿಗೆ ತಂದು ಬಿಟ್ಟ ಕೆಂಪು ನರಿಗಳು ನೀರು ಇಳಿದಾಗ ದ್ವೀಪಕ್ಕೆ ದಾಟಿ ಅವನ್ನು ತಿಂದವು. 2005ರ ಹೊತ್ತಿಗೆ ಹತ್ತೂ ಉಳಿದಿರಲಿಲ್ಲ. ಆಗ ಊರಿನ ಕೋಳಿ ಸಾಕುವ ರೈತರೊಬ್ಬರು, ನನ್ನ ಕೋಳಿ ಕಾಯುವ ನಾಯಿಗಳು ಪೆಂಗ್ವಿನ್ನನ್ನೂ ಕಾಯುತ್ತವೆ ಅಂದರು. ಮರೆಮ್ಮಾ ಅಂತ ಇಟಲಿಯ ಬಿಳಿ ನಾಯಿಗಳು. 2006ರಲ್ಲಿ ದ್ವೀಪಕ್ಕೆ ಬಿಟ್ಟರು. ಕೆಲವು ವರ್ಷಗಳಲ್ಲಿ ಪೆಂಗ್ವಿನ್‌ಗಳು ನೂರು ದಾಟಿದವು. 2017ರಲ್ಲಿ ಕಡಲು ಉಕ್ಕಿ ನಾಯಿಗಳನ್ನು ಕರೆದೊಯ್ಯಲು ಆಗದ ಹೊತ್ತಿನಲ್ಲಿ ನರಿ ನುಗ್ಗಿ ಮತ್ತೆ ನೂರಕ್ಕೂ ಹೆಚ್ಚು ಪೆಂಗ್ವಿನ್‌ಗಳು ಸತ್ತವು. ನಾಯಿ ಇದ್ದರೆ ಏನು, ಇಲ್ಲದಿದ್ದರೆ ಏನು ಅಂತ ಅಲ್ಲಿ ಎಲ್ಲರಿಗೂ ಗೊತ್ತಾಯಿತು.

ಇಂಥ ಮರೆಮ್ಮಾ ಕೂಡ ಮರಿಯಾಗಿದ್ದಾಗ ಕೋಳಿ ಅಟ್ಟುತ್ತದೆ ಅವ್ವ! ಅದನ್ನು ಸಾಕುವವರು ಎರಡು ವರ್ಷ ತುಂಬುವವರೆಗೂ ಪೂರ್ತಿ ನಂಬುವುದಿಲ್ಲ. ನೂರಾರು ವರ್ಷ ಕಾವಲಿಗೆಂದೇ ಬೆಳೆಸಿದ ಜಾತಿಗೆ ಅಷ್ಟು ಸಮಯ ಕೊಡುವಾಗ ನಮ್ಮ ಕರಿಯನಿಗೆ ದೀಪಾವಳಿವರೆಗೆ ಕೊಡಬಾರದೇ? ಕಾಡುಬೆಕ್ಕು, ಮುಂಗುಸಿ ಅಂತ ವರ್ಷಾ ವರ್ಷಾ ನೀನು ಕೋಳಿ ಕಳೆದುಕೊಳ್ಳುತ್ತೀಯ. ಹಿತ್ತಲಲ್ಲಿ ತಿಳಿದ ನಾಯಿ ಒಂದಿದ್ದರೆ ಅವು ಹತ್ತಿರ ಬರಲು ಯೋಚಿಸುತ್ತವೆ.

ಸದ್ಯಕ್ಕೆ ಇಷ್ಟು ಮಾಡಿ. ಬೆಳಗ್ಗೆ ಕೋಳಿ ಬಿಡುವ ಮೊದಲು ಅಣ್ಣ ಕರಿಯನನ್ನು ಗದ್ದೆ ಕಡೆ ಓಡಾಡಿಸಿಕೊಂಡು ಬರಲಿ. ಹೊಟ್ಟೆ ತುಂಬಾ ಹಾಕಿ. ಆಮೇಲೆ ಹಗ್ಗ ಹಿಡಿದು ದೂರದಲ್ಲಿ ಕೂರಿಸಿಕೊ, ಬೆಂದ ಮಾಂಸದ ಚೂರು ಕೈಯಲ್ಲಿರಲಿ, ಉಪ್ಪು ಖಾರ ಬೇಡ. ಮರಿಗಳಿರುವ ಹೇಂಟೆಯನ್ನು ಮಾತ್ರ ಈಗಲೇ ಅವನ ಎದುರು ಬಿಡಬೇಡ. ದೊಡ್ಡ ಕೋಳಿಗಳ ಜೊತೆ ಪಳಗಲಿ ಮೊದಲು. ಕೋಳಿ ಹಿಕ್ಕೆ ತಿನ್ನಲು ಬಿಡಬೇಡಿ, ಅದರಿಂದ ಹೊಟ್ಟೆ ಕೆಡುತ್ತದೆ.

ಕೊಟ್ಟಿಗೆ ಪಕ್ಕ ಮರಿಗಳಿಗೆ ಒಂದು ಜಾಲರಿ ಗೂಡು ಮಾಡಿಸಲು ಅಣ್ಣನ ಖಾತೆಗೆ ದುಡ್ಡು ಹಾಕಿದ್ದೇನೆ. ಷಟ್ಕೋನದ ತೆಳು ಕೋಳಿಜಾಲರಿ ತರಬೇಡ ಅನ್ನು, ನಾಯಿ ಎಳೆದರೆ ಹರಿದುಹೋಗುತ್ತದೆ. ವೆಲ್ಡ್ ಮೆಶ್ ಅಂತ ಕೇಳಿ ತರಲಿ, ಸಣ್ಣ ಕಣ್ಣಿನದು. ಬುಡದಲ್ಲಿ ಒಂದು ಅಡಿ ಹೊರಕ್ಕೆ ಮಡಚಿ ಮಣ್ಣು ಮುಚ್ಚಬೇಕು, ಆಗ ಯಾವುದೂ ತೋಡಿ ಒಳಗೆ ಬರಲು ಆಗುವುದಿಲ್ಲ. ಗೂಡು ಎದ್ದ ಮೇಲೆ ವಿಡಿಯೋ ಕಳಿಸಿ.

ನಿಮ್ಮ ಪ್ರೀತಿಯ ಮಗಳು