ಕ್ಲಾಸಿಗೆ ಬಾರದ ಶಾರದಾ

ಇಂಚೂ,

ಮೊನ್ನೆ ರಾತ್ರಿ ಫೋನಿನಲ್ಲಿ ನಾನು ಹಾಗೆ ಮಾತಾಡಬಾರದಿತ್ತು. ನಿನ್ನ ಹೆಸರಿನಿಂದ ಶಾರದಾ ತೆಗೆಸಿಬಿಡ್ತೀನಿ ಅಂತ ನೀನು ಅಂದಿದ್ದಕ್ಕೆ, "ಅಜ್ಜಿ ಹೆಸರು ಬೇಡ ಅನ್ನೋಳಿಗೆ ಅಮ್ಮನೂ ಬೇಡ ಬಿಡು" ಅಂದುಬಿಟ್ಟೆ. ನೀನು ಫೋನ್ ಇಟ್ಟ ಮೇಲೂ ಎಷ್ಟೋ ಹೊತ್ತು ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ. ನಿನಗೆ ಜ್ವರ ಬಿಟ್ಟು ಎರಡು ದಿನವೂ ಆಗಿರಲಿಲ್ಲ. ಮೊದಲು ಅದನ್ನು ವಿಚಾರಿಸಬೇಕಿತ್ತು. ವಿಚಾರಿಸಲಿಲ್ಲ. ತಪ್ಪಾಯ್ತು ಕಣೇ.

ನೀನು ಹೇಳಿದ್ದೇ ಕಿವಿಯಲ್ಲಿ ಸುತ್ತುತ್ತಿದೆ. ಆಸ್ಪತ್ರೆಯಲ್ಲಿ ನೀನು ಜ್ವರಕ್ಕೆ ಕಣ್ಣು ಮುಚ್ಚಿಕೊಂಡು ಕೂತಿದ್ದೆ. ನರ್ಸ್ ಬಂದು "ಶಾರದಾ, ಶಾರದಾ" ಅಂತ ಎರಡು ಸಲ ಕೂಗಿ ಹೋದರು. ನಿನಗೆ ಕೇಳಿಸಿತು. ಆದರೆ ನಿನ್ನನ್ನೇ ಕರೆಯುತ್ತಿದ್ದಾರೆ ಅಂತ ಹೊಳೆಯಲಿಲ್ಲ. ಸರದಿ ತಪ್ಪಿತು, ಮತ್ತೆ ಎರಡು ಗಂಟೆ ಕಾದೆ. "ಯಾರೂ ಕರೆಯದ ಹೆಸರನ್ನ ಮೊದಲು ಯಾಕಮ್ಮ ಇಟ್ಟೆ?" ಅಂತ ಕೇಳಿದೆ. ಕೇಳಬೇಕಾದ ಮಾತೇ ಅದು. ಇಷ್ಟು ವರ್ಷ ನಾನಾಗಿ ಹೇಳಲೂ ಇಲ್ಲ.

ನೀನು ಹುಟ್ಟುವುದಕ್ಕೆ ಎರಡು ತಿಂಗಳು ಮುಂಚೆ ನಮ್ಮಮ್ಮ ಹೋದಳು. ಅದು ನಿನಗೆ ಗೊತ್ತು, ಮತ್ತೆ ಬರೆಯಲ್ಲ. ಜನನ ದಾಖಲೆಯಲ್ಲಿ ನಿನ್ನ ಹೆಸರು ಬರೆಸಲು ಹೋದ ದಿನ ಕೌಂಟರಿನಲ್ಲಿ ಫಾರ್ಮ್ ಕೊಟ್ಟರು. ಇಂಚರ ಅಂತ ಆಗಲೇ ನಿರ್ಧಾರ ಮಾಡಿದ್ದೆವು. ನಿನ್ನಪ್ಪ ಪೆನ್ನು ನನ್ನ ಕೈಗೆ ಕೊಟ್ಟರು. ಕೈ ತಾನಾಗಿ ಮೊದಲು ಶಾರದಾ ಅಂತ ಬರೆಯಿತು. ಇಂಚರ ಅದರ ಪಕ್ಕಕ್ಕೆ ಬಂತು. ನಿನ್ನಪ್ಪ ನೋಡಿದರು, ಏನೂ ಅನ್ನಲಿಲ್ಲ.

ಮನೆಗೆ ಬಂದು ತೊಟ್ಟಿಲ ಹತ್ತಿರ ನಿಂತು ಶಾರದಾ ಅಂತ ಕರೆಯೋಣ ಅಂದರೆ ಬಾಯಿ ಬರಲಿಲ್ಲ. ಅಮ್ಮನನ್ನು ಹೆಸರು ಹಿಡಿದು ಕರೆದವಳೇ ಅಲ್ಲ ನಾನು. ಮಗುವನ್ನು ದಿನಕ್ಕೆ ನೂರು ಸಲ ಕರೀಬೇಕು, ಗದರಬೇಕು, ಮುದ್ದಿಗೆ ಹೆಸರನ್ನು ತುಂಡು ಮಾಡಿ ಕೂಗಬೇಕು. ನಮ್ಮಮ್ಮನ ಹೆಸರನ್ನು ತುಂಡು ಮಾಡೋಕೆ ನನ್ನಿಂದ ಆಗಲಿಲ್ಲ. ಇಂಚರ ಇಂಚು ಆಯ್ತು. ಶಾರದಾ ಕಾಗದದಲ್ಲೇ ಉಳಿಯಿತು. ನಾಲ್ಕೂವರೆ ತಿಂಗಳಿಗೇ ಮಕ್ಕಳು ತಮ್ಮ ಹೆಸರಿನ ಸದ್ದನ್ನು ಗುರುತು ಹಿಡಿಯುತ್ತಾರೆ ಅಂತ 1995ರಲ್ಲೇ ಸಂಶೋಧಕರು ತೋರಿಸಿದ್ದಾರೆ. ನಿನಗೆ ಅಷ್ಟು ತಿಂಗಳು ತುಂಬುವ ಹೊತ್ತಿಗೆ ಶಾರದಾ ಅನ್ನುವ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಇದನ್ನೆಲ್ಲ ಆ ರಾತ್ರಿ ನಿದ್ದೆ ಬಾರದೆ ಓದಿದೆ. ಎರಡನೇ ಹೆಸರಿನಿಂದಲೇ ಬದುಕಿದವರು ಜಾಸ್ತಿ ಇದ್ದಾರೆ. ಹಾಡುಗಾರ ಪಾಲ್ ಮೆಕಾರ್ಟ್ನಿಯ ಪೂರ್ತಿ ಹೆಸರು ಜೇಮ್ಸ್ ಪಾಲ್ ಮೆಕಾರ್ಟ್ನಿ. ಅಪ್ಪನೂ ಜೇಮ್ಸ್. ಸಿನಿಮಾ ನಟ ಬ್ರಾಡ್ ಪಿಟ್ ಹೆಸರು ವಿಲಿಯಂ ಬ್ರಾಡ್ಲಿ, ಅವನಪ್ಪನೂ ವಿಲಿಯಂ. ಸಂಗೀತಗಾರ ಬಾಖ್ ಮನೆಯಲ್ಲಂತೂ ಅಪ್ಪ ಯೋಹಾನ್ ಅಂಬ್ರೋಸಿಯಸ್, ಅಣ್ಣಂದಿರು ಯೋಹಾನ್ ಕ್ರಿಸ್ಟೋಫ್ ಮತ್ತು ಯೋಹಾನ್ ಯಾಕೋಬ್, ಇವನು ಯೋಹಾನ್ ಸೆಬಾಸ್ಟಿಯನ್. ಯೋಹಾನ್ ಅಂತ ಕೂಗಿದರೆ ಎಲ್ಲರೂ ತಿರುಗಬೇಕು! ಹಿರಿಯರ ಹೆಸರು ಮುಂದೆ ನಿಲ್ಲುತ್ತದೆ, ಮಗುವಿನ ಹೆಸರು ಹಿಂದೆ ಬರುತ್ತದೆ. ನಮ್ಮ ಮನೆಯಲ್ಲಿ ಆಗಿದ್ದೂ ಅದೇ ಅಲ್ವಾ?

ಆದರೆ ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ವಿಷಯ ಓದಿ ನಾನು ಸುಮ್ಮನೆ ಕೂತುಬಿಟ್ಟೆ. 1890ರಲ್ಲಿ ಹುಟ್ಟಿದಾಗ ಅವರಿಗೆ ಡೇವಿಡ್ ಡ್ವೈಟ್ ಅಂತ ಹೆಸರಿಟ್ಟಿದ್ದರು. ಅಪ್ಪನೂ ಡೇವಿಡ್. ಮನೆಯಲ್ಲಿ ಇಬ್ಬರು ಡೇವಿಡ್ ಆದರೆ ಗೊಂದಲ ಅಂತ ಆ ತಾಯಿ ಹೆಸರನ್ನೇ ಹಿಂದುಮುಂದು ಮಾಡಿದಳು, ಡ್ವೈಟ್ ಡೇವಿಡ್ ಅಂತ. ಅಷ್ಟೇ ಕೆಲಸ. ನಾನೂ ಮಾಡಬಹುದಿತ್ತು. ಮಾಡಬೇಕು ಅಂತ ನನಗೆ ತಿಳಿಸಿದ್ದು ನೀನೇ, ಎರಡನೇ ಕ್ಲಾಸಿನಲ್ಲಿ.

ಆ ವರ್ಷ ಹೊಸ ಮೇಡಂ ಬಂದಿದ್ದರು. ನಾಲ್ಕನೇ ದಿನವೋ ಐದನೇ ದಿನವೋ ಊಟಕ್ಕೆ ಕೂತಾಗ ನೀನು ಹೇಳಿದೆ: "ಅಮ್ಮಾ, ನಮ್ಮ ಕ್ಲಾಸಲ್ಲಿ ಶಾರದಾ ಅಂತ ಒಬ್ಳಿದ್ದಾಳೆ. ಮೇಡಂ ದಿನಾ ಕೂಗ್ತಾರೆ. ಅವಳು ಬರೋದೇ ಇಲ್ಲ. ಪಾಪ, ಹುಷಾರಿಲ್ವೇನೋ." ತುತ್ತು ಕೈಯಲ್ಲೇ ಇತ್ತು. ನಿಜವಾಗಿ ಅವಳ ಬಗ್ಗೆ ಚಿಂತೆ ಮಾಡುತ್ತಿದ್ದೆ ನೀನು. ನಾನು ಜೋರಾಗಿ ನಕ್ಕೆ. ಅಪ್ಪನನ್ನು ಕರೆದು ಮತ್ತೊಮ್ಮೆ ಹೇಳಿಸಿದೆ. ಮನೆಗೆ ಬಂದವರಿಗೆಲ್ಲ ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದೇನೆ. ಮಾರನೇ ದಿನ ಮೇಡಂ ಹತ್ತಿರ ಹೋದಾಗ ಹಾಜರಿ ಪುಸ್ತಕ ತೋರಿಸಿದರು. ನೀನು ಎರಡನೇ ಬೆಂಚಿನಲ್ಲಿ ಕೂತಿದ್ದ ದಿನಗಳಿಗೆಲ್ಲ ಗೈರುಹಾಜರಿ ಹಾಕಿತ್ತು. ಅವರು ಪೆನ್ಸಿಲಿನಲ್ಲಿ ಪಕ್ಕಕ್ಕೆ ಇಂಚರ ಅಂತ ಬರೆದುಕೊಂಡರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಹುಷಾರಿಲ್ವೇನೋ ಅಂದಿದ್ದೆ ನೋಡು. ಇಷ್ಟು ವರ್ಷ ಆದ ಮೇಲೆ ಹುಷಾರಿಲ್ಲದೆ ಆಸ್ಪತ್ರೆಯಲ್ಲಿ ಕೂತವಳು ನೀನೇ. ಆಗಲೂ ಕೂಗಿದರು, ಶಾರದಾ ಬರಲಿಲ್ಲ.

ನನಗೆ ಈಗ ಇರುವ ಭಯ ಇದೊಂದೇ. ಈ ಸಲ ಬರೀ ಸರದಿ ತಪ್ಪಿತು. ಇನ್ನೊಂದು ಸಲ ನಿನಗೆ ಎಚ್ಚರವೇ ಸರಿಯಾಗಿ ಇಲ್ಲದೆ ಹೋದರೆ? ಅಲ್ಲಿ ನಿನ್ನನ್ನು ಬಲ್ಲವರು ಒಬ್ಬರೂ ಪಕ್ಕದಲ್ಲಿ ಇಲ್ಲದಿದ್ದರೆ? ಮಲಗಿದವಳ ಕಿವಿಯ ಹತ್ತಿರ ಬಗ್ಗಿ ಕಾಗದದಲ್ಲಿ ಇರುವುದನ್ನು ನೋಡಿ ಕರೆಯುತ್ತಾರೆ. ನಿನ್ನದಲ್ಲದ ಹೆಸರಿಗೆ ನೀನು ಕಣ್ಣು ಬಿಡುತ್ತೀಯಾ? ಇಂಚೂ ಅಂದರೆ ಬಿಡುತ್ತೀಯ, ನನಗೆ ಗೊತ್ತು. ನಿದ್ದೆಯಲ್ಲೂ ಇಂಚೂ ಅಂದರೆ "ಹೂಂ" ಅನ್ನುವವಳು ನೀನು. ಅದನ್ನು ಅವರಿಗೆ ಯಾರು ಹೇಳಬೇಕು? ಮೂರು ರಾತ್ರಿಯಿಂದ ಇದನ್ನೇ ಯೋಚಿಸುತ್ತಿದ್ದೇನೆ. ಬೆಳಕು ಹರಿದ ಮೇಲೆ ಅತಿಯಾಯಿತು ಅನ್ನಿಸುತ್ತದೆ, ರಾತ್ರಿ ಮತ್ತೆ ಶುರು.

ಅದಕ್ಕೆ ಒಂದೆರಡು ಮಾತು ಕೇಳು. ಎಲ್ಲಿ ಹೋದರೂ ಮೊದಲೇ ಹೇಳು, ಕಾಗದದಲ್ಲಿ ಶಾರದಾ ಅಂತ ಇದೆ, ಇಂಚರ ಅಂತ ಕರೀರಿ ಅಂತ. ಸಂಕೋಚ ಪಡಬೇಡ. ಪಾಸ್‌ಪೋರ್ಟಿನಲ್ಲಿ ಎರಡು ಹೆಸರೂ ಒಂದೇ ಸಾಲಿನಲ್ಲಿ ಇರುತ್ತವೆ. ಎಷ್ಟೋ ಕಡೆ ಕಂಪ್ಯೂಟರ್ ಮೊದಲನೇ ಪದವನ್ನಷ್ಟೇ ಹಿಡಿದುಕೊಳ್ಳುತ್ತದೆ. ಹಾಗಂತ ಟಿಕೆಟ್ಟಿನಲ್ಲಿ ಒಂದು ತರ, ಬ್ಯಾಂಕಿನಲ್ಲಿ ಇನ್ನೊಂದು ತರ ಬರೆಯಬೇಡ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಬರಿ. ಬದಲಾಯಿಸುವುದೇ ಆದರೆ ಎಲ್ಲ ಕಡೆ ಬದಲಾಯಿಸು, ಅರ್ಧಕ್ಕೆ ಬಿಡಬೇಡ. ನೀನು ಅರ್ಧಕ್ಕೆ ಬಿಟ್ಟ ಕೆಲಸಗಳು ಇಲ್ಲಿ ಇನ್ನೂ... ಬೇಡ, ಆ ಮಾತು ಈಗ ಬೇಡ.

ಜರ್ಮನಿಯಲ್ಲಿ ಕರೆಯುವ ಹೆಸರಿಗೆ ಬೇರೆಯೇ ಪದವಿದೆ, ರೂಫ್‌ನಾಮೆ ಅಂತ. ಅದು ಮೊದಲನೆಯದೇ ಆಗಬೇಕು ಅಂತಿಲ್ಲ. 2018ರ ನವೆಂಬರ್‌ನಿಂದ ಅಲ್ಲಿ ನೋಂದಣಿ ಕಚೇರಿಗೆ ಹೋಗಿ ಹೆಸರುಗಳ ಕ್ರಮವನ್ನೇ ಬದಲಾಯಿಸಿಕೊಳ್ಳಬಹುದು. ತೆಗೆಯುವ ಬದಲು ಹಾಗೆ ಹಿಂದುಮುಂದು ಮಾಡಿಕೊಳ್ಳೋಕೆ ನಿನಗೆ ಆಗುತ್ತಾ ವಿಚಾರಿಸು. ಇಂಚರ ಶಾರದಾ. ಬರೆದು ನೋಡಿದೆ, ಚೆನ್ನಾಗಿಯೇ ಇದೆ.

ಕೆಲಸಕ್ಕೆ ಸೇರಿದ ದಿನ ನೀನು ಕಳಿಸಿದ ಫೋಟೋ ತೆಗೆದು ನೋಡಿದೆ. ಕೊರಳಲ್ಲಿ ಗುರುತಿನ ಚೀಟಿ, ಅದರ ಮೇಲೆ ಬಿಳಿ ಟೇಪು, ಟೇಪಿನ ಮೇಲೆ ನಿನ್ನ ಕೈಬರಹದಲ್ಲಿ ಇಂಚರ. ಟೇಪಿನ ಅಡಿಯಲ್ಲಿ ಏನಿದೆ ಅಂತ ಅವತ್ತೇ ಗೊತ್ತಾಯ್ತು. ಚುರುಕ್ ಅಂತು. ಆದರೂ ಗೊತ್ತಿಲ್ಲದ ಊರಿನಲ್ಲಿ ಒಬ್ಬಳೇ ನಿಂತು ನನ್ನ ಹೆಸರು ಇದು ಅಂತ ಅಂಟಿಸಿಕೊಂಡಿದ್ದೀಯಲ್ಲ, ಆ ಧೈರ್ಯ ನನಗೆ ನಿನ್ನ ವಯಸ್ಸಿನಲ್ಲಿ ಇರಲಿಲ್ಲ. ನಮ್ಮಮ್ಮನಿಗೆ ಇತ್ತು.

ಕ್ರಮ ಬದಲಾಯಿಸೋಕೆ ಆಗದಿದ್ದರೆ ತೆಗೆದುಬಿಡು. ನಾನು ಬೇಡ ಅನ್ನಲ್ಲ. ನಿಜವಾಗಿ ಅನ್ನಲ್ಲ. ಅರ್ಜಿ ಕೊಡುವ ಮುಂಚೆ ಒಂದು ಫೋನ್ ಮಾಡು. ನಾನು ನಿನ್ನನ್ನು ಇವತ್ತಿನವರೆಗೂ ಶಾರದಾ ಅಂತ ಕರೆದಿಲ್ಲ. ಒಂದೇ ಒಂದು ಸಲ ಕರೀತೀನಿ. ಓ ಅನ್ನು.

ನಿನ್ನ
ಅಮ್ಮ