ತುಳು, ಕೊಡವ ಭಾಷೆಗಳ ಸಮೀಕ್ಷೆಯನ್ನು ಗೂಗಲ್ ಫಾರ್ಮ್‌ನಲ್ಲಿ ಮುಗಿಸಬೇಡಿ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,

ನಮಸ್ಕಾರ.

ಕೊಡವ ತಕ್ಕ್ ಆಡುವವರು 1991ರ ಜನಗಣತಿಯಲ್ಲಿ 97,011 ಮಂದಿ. 2001ರಲ್ಲಿ 1,66,187. 2011ರಲ್ಲಿ 1,13,857. ಹತ್ತು ವರ್ಷಗಳಲ್ಲಿ ಶೇ. 71ರಷ್ಟು ಏರಿ, ಮುಂದಿನ ಹತ್ತು ವರ್ಷಗಳಲ್ಲಿ ಶೇ. 31ರಷ್ಟು ಇಳಿಯುವುದು ಬರೀ ಹುಟ್ಟು-ಸಾವಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಗಣತಿದಾರರು ಮನೆಬಾಗಿಲಲ್ಲಿ ನಿಂತು 'ಮಾತೃಭಾಷೆ ಯಾವುದು' ಎಂದು ಕೇಳಿದಾಗ ಜನ ಏನೆಂದು ಬರೆಸಿದರು ಎನ್ನುವುದೂ ಇದರಲ್ಲಿ ಸೇರಿರಲೇಬೇಕು. ತುಳುವಿಗೆ 2011ರಲ್ಲಿ 18,46,427 ಎಂಬ ಅಂಕಿ ಇದೆ. ಆ ಪೈಕಿ ಎಷ್ಟು ಮಂದಿ ತಮ್ಮ ಮಕ್ಕಳ ಜೊತೆ ತುಳು ಬಿಟ್ಟು ಕನ್ನಡಕ್ಕೋ ಇಂಗ್ಲಿಷಿಗೋ ಹೊರಳಿದ್ದಾರೆ, ಯಾಕೆ ಹೊರಳಿದ್ದಾರೆ ಎಂಬುದನ್ನು ಗಣತಿ ಕೇಳುವುದೇ ಇಲ್ಲ.

ನಮ್ಮ ಕೋರಿಕೆ ಇಷ್ಟು: 2027ರ ಜನಗಣತಿಯ ಭಾಷಾ ಅಂಕಿ ಹೊರಬರುವ ಮೊದಲೇ ತುಳು, ಕೊಡವ, ಕೊಂಕಣಿ, ಬ್ಯಾರಿ, ಅರೆಭಾಷೆ ಅಕಾಡೆಮಿಗಳನ್ನು ಸೇರಿಸಿಕೊಂಡು ಇಲಾಖೆಯಿಂದ ಒಂದು ಮನೋಭಾವ ಸಮೀಕ್ಷೆ, ಅಂದರೆ ಜನರಿಗೆ ತಮ್ಮ ಭಾಷೆಯ ಬಗ್ಗೆ ನಿಜಕ್ಕೂ ಏನನ್ನಿಸುತ್ತದೆ ಎಂದು ಅಳೆಯುವ ಸಮೀಕ್ಷೆ, ಮಾಡಿಸಿ. ಹತ್ತು ಪ್ರಶ್ನೆಗಳ ಫಾರ್ಮ್ ಮಾಡಿ ವಾಟ್ಸಾಪ್‌ನಲ್ಲಿ ಹರಿಯಬಿಡುವ ಬಗೆಯದ್ದು ಮಾತ್ರ ಬೇಡ. ಆ ಕೊಂಡಿ ಭಾಷಾಭಿಮಾನಿಗಳ ಗುಂಪಿನಿಂದ ಗುಂಪಿಗೆ ಹೋಗುತ್ತದೆ, ಅವರೇ ತುಂಬುತ್ತಾರೆ. 'ನಿಮಗೆ ತುಳು ಇಷ್ಟವೇ?' ಎಂದರೆ ಇಲ್ಲ ಎನ್ನುವ ತುಳುವ ಯಾರು ಸ್ವಾಮಿ?

ನೇರವಾಗಿ ಕೇಳಿದರೆ ಸಿಗದ ಉತ್ತರವನ್ನು ಹೊರತೆಗೆಯುವ ದಾರಿ 1960ರಷ್ಟು ಹಳೆಯದು. ಕೆನಡಾದ ಮಾಂಟ್ರಿಯಲ್‌ನಲ್ಲಿ ವ್ಯಾಲೆಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ದ್ವಿಭಾಷಿಕರಿಂದ ಒಂದೇ ಪಠ್ಯವನ್ನು ಫ್ರೆಂಚ್ ಮತ್ತು ಇಂಗ್ಲಿಷ್ ಎರಡರಲ್ಲೂ ಓದಿಸಿ ಧ್ವನಿಮುದ್ರಿಸಿಕೊಂಡರು. ಎರಡೂ ದನಿ ಒಬ್ಬರದೇ ಎಂದು ತಿಳಿಯದ ಕೇಳುಗರು, ಓದಿದವರ ಗುಣಗಳನ್ನು ತೂಗುವಾಗ, ಇಂಗ್ಲಿಷ್ ವೇಷದ ದನಿಗೆ ಹೆಚ್ಚು ಅಂಕ ಕೊಟ್ಟರು. ಫ್ರೆಂಚ್ ಮನೆಮಾತಿನವರೂ ಹಾಗೆಯೇ ಕೊಟ್ಟರು.

ಈ ಪರೀಕ್ಷೆಯನ್ನು ಇಂದು ಲ್ಯಾಪ್‌ಟಾಪಿನಲ್ಲಿ ಮಾಡಬಹುದು. ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ 'ಲಾರ್ಟ್ ರಿಸರ್ಚ್ ಅಸಿಸ್ಟೆಂಟ್' ಎಂಬ ಮುಕ್ತ ತಂತ್ರಾಂಶದಲ್ಲಿ ಭಾಷಾಬಳಕೆಯ ಪ್ರಶ್ನಾವಳಿ, ಭಾಷೆಯನ್ನು ವಿರುದ್ಧ ಪದಗಳ ಜೋಡಿಯ ನಡುವೆ ತೂಗಿಸುವ ಅಳತೆಪಟ್ಟಿ, ದನಿ ಕೇಳಿಸಿ ಅಂಕ ಪಡೆಯುವ ಭಾಗ, ಮೂರೂ ಇವೆ. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಮಳೆಗಾಲದಲ್ಲಿ ಕೊಡಗಿನ ಒಳಹಳ್ಳಿಗೆ ಹೋದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ವೇಲ್ಸ್‌ನ ವೇಲ್ಶ್, ಉತ್ತರ ಇಟಲಿಯ ಲಾಂಬಾರ್ಡ್‌ನಂಥ ಭಾಷೆಗಳಿಗೆಂದು ಮಾಡಿದ್ದನ್ನು ನಮ್ಮ ಭಾಷೆಗಳಿಗೆ ಒಗ್ಗಿಸಬೇಕು. ಕೆಲಸ ಕೆಡುವುದೂ ಅಲ್ಲೇ.

ಮೊದಲನೆಯದು ಅನುವಾದ. ಅಳತೆಪಟ್ಟಿಯಲ್ಲಿ 'ಕ್ರಮಬದ್ಧ' ಎಂಬುದಕ್ಕೆ ಎದುರು 'ಅಕ್ರಮ' ಎಂದು ಹಾಕಿದರೆ ಓದುವವರಿಗೆ ಮರಳು ಲಾರಿ ನೆನಪಾಗುತ್ತದೆಯೇ ಹೊರತು ವ್ಯಾಕರಣವಲ್ಲ. 'ಅಡ್ಡಾದಿಡ್ಡಿ' ಎಂದರೆ ಅರ್ಥವಾಗುತ್ತದೆ. ಪ್ರತಿ ಪದಜೋಡಿಯನ್ನೂ ಒಬ್ಬರು ಕನ್ನಡಕ್ಕೆ ತರಬೇಕು. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ಮರಳಿಸಬೇಕು. ಎರಡೂ ತಾಳೆಯಾಗದ ಜೋಡಿಯನ್ನು ಕೈಬಿಡಬೇಕು.

ಪ್ರಶ್ನೆಯನ್ನು ತುಳುವಿನಲ್ಲೇ ಬರೆದರೆ ಇನ್ನೊಂದು ತೊಡಕು. ಕನ್ನಡ ಲಿಪಿಯಲ್ಲಿ 'ಮಲ್ಪುವೆ' ಎಂದು ಬರೆದರೆ 'ಮಾಡುತ್ತೇನೆ' ಎಂದೂ ಓದಬಹುದು, 'ಅವನು ಮಾಡುತ್ತಾನೆ' ಎಂದೂ ಓದಬಹುದು. ಬಾಯಲ್ಲಿ ಕೊನೆಯ ಸ್ವರ ಬೇರೆ ಬೇರೆ, ಬರಹದಲ್ಲಿ ಒಂದೇ. ತುಳು-ತಿಗಳಾರಿ ಲಿಪಿ 2024ರಲ್ಲಿ ಯುನಿಕೋಡ್ ಸೇರಿದೆ ನಿಜ, ಆದರೆ ಅದನ್ನು ಸರಾಗವಾಗಿ ಓದಬಲ್ಲ ಸಾಮಾನ್ಯರು ಕಡಿಮೆ. ಹಾಗಾಗಿ ತುಳು ಪ್ರಶ್ನೆಗಳನ್ನು ದನಿಯಲ್ಲೇ ಕೇಳಿಸಿ.

'ಮಾತೃಭಾಷೆ' ಎಂಬ ಒಂದೇ ಕಲಂ ಸಾಲದು. ಮಂಗಳೂರಿನ ಕ್ರೈಸ್ತ ಮನೆಯಲ್ಲಿ ಕೊಂಕಣಿ, ಮೀನು ಮಾರ್ಕೆಟ್ಟಿನಲ್ಲಿ ತುಳು, ತಾಲ್ಲೂಕು ಕಚೇರಿಯಲ್ಲಿ ಕನ್ನಡ, ಮಗುವಿನ ಶಾಲೆಯಲ್ಲಿ ಇಂಗ್ಲಿಷ್. ಎರಡು ಭಾಷೆಗೆ ಮಾತ್ರ ಜಾಗವಿರುವ ಪ್ರಶ್ನಾವಳಿ ಇಂಥ ಮನೆಯನ್ನು ಕತ್ತರಿಸಿ ತುಂಬಿಕೊಳ್ಳುತ್ತದೆ. ಅಜ್ಜಿಯ ಜೊತೆ, ಮಗುವಿನ ಜೊತೆ, ಅಂಗಡಿಯಲ್ಲಿ, ದೂರು ಕೊಡುವಾಗ ಯಾವ ಭಾಷೆ ಎಂದು ಬಿಡಿಬಿಡಿಯಾಗಿ ಕೇಳಬೇಕು.

ಎರಡನೆಯದು ದನಿ. ನಾಲ್ವರು ದ್ವಿಭಾಷಿಕರು ತಮ್ಮ ಭಾಷೆಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ, ತಲಾ ಎರಡು ಬಾರಿ ಓದಲಿ. ದಾರಿ ತಪ್ಪಿಸಲು ಬೇರೆಯವರ ಎರಡು ದನಿ ಸೇರಿಸಿದರೆ ಒಟ್ಟು ಹತ್ತು ತುಣುಕು, ಒಂದೊಂದೂ 30ರಿಂದ 40 ಸೆಕೆಂಡ್. ಅಂಕ ಕೊಡುವ ಹೊತ್ತು ಸೇರಿ ಹದಿನೇಳು-ಹದಿನೆಂಟು ನಿಮಿಷ. ಅದಕ್ಕಿಂತ ಎಳೆದರೆ ಕೇಳುಗರು ಬೇಸತ್ತು ಸುಮ್ಮನೆ ಒತ್ತಿ ಮುಗಿಸುತ್ತಾರೆ. ಒಬ್ಬರ ಎರಡು ತುಣುಕುಗಳ ನಡುವೆ ಕನಿಷ್ಠ ಮೂರು ಬೇರೆ ದನಿ ಇರಲಿ, ಇಲ್ಲದಿದ್ದರೆ ಗುಟ್ಟು ರಟ್ಟಾಗುತ್ತದೆ. 44.1 ಕಿಲೋಹರ್ಟ್ಸ್ ವೇವ್ ಕಡತವಾಗಿ ಮುದ್ರಿಸಿ, 'ಪ್ರಾಟ್' ಎಂಬ ಉಚಿತ ತಂತ್ರಾಂಶದಲ್ಲಿ ಎಲ್ಲದರ ಸರಾಸರಿ ಗಟ್ಟಿತನವನ್ನು 70 ಡೆಸಿಬೆಲ್‌ಗೆ ಸರಿಸಮ ಮಾಡಬೇಕು. ಗಟ್ಟಿ ದನಿಯನ್ನು ಜನ 'ಆತ್ಮವಿಶ್ವಾಸ' ಎಂದು ಓದಿಕೊಂಡುಬಿಡುತ್ತಾರೆ.

ಪಠ್ಯವೂ ಸಪ್ಪೆಯಾಗಿರಲಿ. ಭೂತಕೋಲ, ದೇವಸ್ಥಾನ, ರಾಜಕೀಯ ಬೇಡ. ನೀರುದೋಸೆ ಮಾಡುವ ವಿಧಾನವೂ ಬೇಡ, ಅದು ಕನ್ನಡದಲ್ಲಿದ್ದರೂ ಕರಾವಳಿಯದ್ದೇ. ಬಸ್ಸಿನಲ್ಲಿ ಕೊಡೆ ಮರೆತ ಪ್ರಸಂಗ ಸಾಕು.

ಇನ್ನು, ಯಾವ ತುಳು? ಬ್ರಾಹ್ಮಣರ ತುಳುವಿನಲ್ಲಿ ಓದಿಸಿದರೆ ಕೇಳುಗರು ತೂಗುವುದು ಜಾತಿಯನ್ನು, ಭಾಷೆಯನ್ನಲ್ಲ. ಸಾಮಾನ್ಯ ತುಳುವಿನಲ್ಲಿ, ಸಮೀಕ್ಷೆ ನಡೆಯುವ ತಾಲ್ಲೂಕಿನ ರಾಗದಲ್ಲೇ ಓದಿಸಬೇಕು. ಕನ್ನಡಕ್ಕೂ ಇದೇ ಮಾತು. ಬೆಂಗಳೂರಿನ ಕನ್ನಡವನ್ನು ಎದುರಿಟ್ಟರೆ ಪೇಟೆ-ಹಳ್ಳಿಯ ಹೋಲಿಕೆಯಾಗುತ್ತದೆ. ಮಂಗಳೂರು ಕನ್ನಡವೇ ಆಗಬೇಕು.

ಪದಗಳನ್ನು ಸರಸರನೆ ವಿಂಗಡಿಸುವ ವೇಗದಿಂದ ಒಳಮನಸ್ಸಿನ ಒಲವು ಅಳೆಯುವ ಪರೀಕ್ಷೆಯೂ 1998ರಿಂದ ಬಳಕೆಯಲ್ಲಿದೆ. ಸದ್ಯಕ್ಕೆ ಅದನ್ನು ದೂರ ಇಡುವುದೇ ಲೇಸು. ತುಳುವನ್ನು ಓದಿ ರೂಢಿಯಿಲ್ಲದವರಲ್ಲಿ ಆ ಮಿಲಿಸೆಕೆಂಡುಗಳು ಒಲವಿಗಿಂತ ಓದಿನ ವೇಗವನ್ನೇ ತೋರಿಸಿಯಾವು.

ಸಣ್ಣ ಯಡವಟ್ಟುಗಳೂ ಇವೆ. ಅಂಕ ಕೊಡಲು ತೆರೆಯ ಮೇಲೆ ಎಳೆಯುವ ಜಾರುಪಟ್ಟಿಯ (ಸ್ಲೈಡರ್) ಗುಂಡಿ ಮೊದಲೇ ನಡುವೆ ಕೂತಿದ್ದರೆ, ಮುಟ್ಟದೇ ಮುಂದೆ ಹೋದವರೆಲ್ಲ ನೂರಕ್ಕೆ 50 ಅಂಕ ಕೊಟ್ಟಂತಾಗುತ್ತದೆ. ಮುಟ್ಟದೆ ಮುಂದಿನ ಪುಟ ತೆರೆಯಬಾರದು. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪಿಸಿದ ಪ್ರಶ್ನೆಯನ್ನು ಹಾಗೇ ಅಂಟಿಸಿದರೆ ತೆರೆಯ ಮೇಲೆ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ, ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಉತ್ತರಗಳಿರುವ ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೂ ಕನ್ನಡ ಕೆಡಬಹುದು. ಅಕ್ಷರಗಳ ಸಂಕೇತಕ್ರಮ ಯುಟಿಎಫ್-8 ಎಂದು ಆರಿಸಿ ಇಂಪೋರ್ಟ್ ಮಾಡಬೇಕು. ಕೆಟ್ಟದ್ದನ್ನೇ ಉಳಿಸಿದರೆ ವಾಪಸ್ ಬರುವ ಖಾತರಿಯಿಲ್ಲ.

ಹೆಸರು, ಫೋನ್ ನಂಬರ್ ಪಡೆಯುವುದೇ ಬೇಡ, ಒಂದು ಸಂಕೇತ ಸಂಖ್ಯೆ ಸಾಕು. ಚಿಕ್ಕ ಸಮುದಾಯದಲ್ಲಿ ಊರು, ವಯಸ್ಸು, ಉದ್ಯೋಗ ಮೂರೂ ಸೇರಿದರೆ ಹೆಸರು ಬರೆದಂತೆಯೇ. ವಯಸ್ಸನ್ನು ಹತ್ತು ವರ್ಷದ ಗುಂಪಾಗಿ, ಊರನ್ನು ತಾಲ್ಲೂಕಾಗಿ ಮಾತ್ರ ದಾಖಲಿಸಿ. 18 ತುಂಬದವರಾದರೆ ಹೆತ್ತವರ ಒಪ್ಪಿಗೆ ಬೇಕು.

ಮೊದಲು ಪುತ್ತೂರು ಮತ್ತು ವಿರಾಜಪೇಟೆ ತಾಲ್ಲೂಕುಗಳಲ್ಲಿ ತಲಾ ಮೂವತ್ತು ಜನರೊಂದಿಗೆ ಪ್ರಾಯೋಗಿಕವಾಗಿ ನಡೆಸಿ ನೋಡಿ. ತುಳು 2010-11ರಿಂದ ಶಾಲೆಗಳಲ್ಲಿ ಐಚ್ಛಿಕ ತೃತೀಯ ಭಾಷೆ. ಅದನ್ನು ಆರಿಸುವವರು, ಬಿಡುವವರು ಪೋಷಕರೇ ಆದ್ದರಿಂದ ಆ ಮೂವತ್ತರಲ್ಲಿ ಅರ್ಧದಷ್ಟಾದರೂ ಶಾಲೆಗೆ ಹೋಗುವ ಮಕ್ಕಳ ತಂದೆತಾಯಿ ಇರಲಿ.

ಟೆಂಡರ್ ಕರೆಯುವುದಾದರೆ ಒಂದು ಷರತ್ತು ಮರೆಯದೆ ಸೇರಿಸಿ: ಪ್ರಶ್ನಾವಳಿ, ಧ್ವನಿಮುದ್ರಿಕೆ, ತಂತ್ರಾಂಶದ ಮೂಲಸಂಕೇತ ಎಲ್ಲವೂ ಇಲಾಖೆಯ ಜಾಲತಾಣದಲ್ಲಿ ಮುಕ್ತವಾಗಿರಬೇಕು. ಐದು ವರ್ಷ ಬಿಟ್ಟು ಅದೇ ತುಣುಕುಗಳನ್ನು ಮತ್ತೆ ಕೇಳಿಸಬೇಕಾಗುತ್ತದೆ. ಆಗ ಗುತ್ತಿಗೆದಾರರ ಆ್ಯಪ್ ತೆರೆಯದಿದ್ದರೆ ಹೋಲಿಸಲು ಏನೂ ಉಳಿದಿರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಭಾಷಾ ಸಮೀಕ್ಷೆಗಳಲ್ಲಿ ಕೆಲಸ ಮಾಡುವ ಕೆಲವರು